ಬೀಟ್‌ಮ್ಯಾಚಿಂಗ್ ಎಂದರೇನು?

ಒಂದು ಟರ್ನ್‌ಟೇಬಲ್‌ನಲ್ಲಿ (ರೆಕಾರ್ಡ್ ತಿರುಗಿಸಿ ನುಡಿಸುವ ಯಂತ್ರ) ಹಾಡು ನಡೆಯುತ್ತಿರುವಾಗಲೇ ಇನ್ನೊಂದರಲ್ಲಿರುವ ಹಾಡನ್ನು ಅದೇ ವೇಗಕ್ಕೆ ತಂದು, ಎರಡರ ಕಿಕ್ ಡ್ರಮ್‌ಗಳೂ (ತಾಳ ಹಿಡಿಯುವ ದಪ್ಪ ಸದ್ದಿನ ಡ್ರಮ್) ಒಟ್ಟಿಗೇ ಬೀಳುವಂತೆ ನುಡಿಸುವುದು ಬೀಟ್‌ಮ್ಯಾಚಿಂಗ್. 1960ರ ದಶಕದ ಕೊನೆಗೆ ನ್ಯೂಯಾರ್ಕ್‌ನ ಕ್ಲಬ್‌ಗಳಲ್ಲಿ ಇದನ್ನು ರೂಢಿಗೆ ತಂದವರಲ್ಲಿ ಡಿಜೆ ಫ್ರಾನ್ಸಿಸ್ ಗ್ರಾಸೊ ಹೆಸರು ಮೊದಲು ಬರುತ್ತದೆ.

ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ವೇಗ ಹೊಂದಿಸುವುದು ಪಿಚ್ ಸ್ಲೈಡರ್‌ನಿಂದ, ಅಂದರೆ ತಿರುಗುವ ವೇಗ ಏರಿಸಿ ಇಳಿಸುವ ಜಾರುಗುಂಡಿಯಿಂದ. ಬೀಟ್ ಮೇಲೆ ಬೀಟ್ ಕೂರಿಸುವುದು ಕೈಯಿಂದ. ಹೊಸಬರು ಎಡವುವುದು ಇವೆರಡನ್ನು ಕಲಸಿಕೊಂಡಾಗಲೇ.

1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್‌ನ ಸ್ಲೈಡರ್ ವೇಗವನ್ನು ಶೇ 8ರಷ್ಟು ಏರಿಸಬಲ್ಲದು, ಅಷ್ಟೇ ಇಳಿಸಬಲ್ಲದು. ಸ್ಪೀಕರ್‌ನಲ್ಲಿ 128 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್) ಹಾಡಿದ್ದು, ನಿಮ್ಮ ಕೈಯಲ್ಲಿರುವುದು 124ರದ್ದಾದರೆ ಸುಮಾರು ಶೇ 3.2 ಏರಿಸಬೇಕು. ವೇಗ ಏರಿದಂತೆ ಶ್ರುತಿಯೂ ಏರುತ್ತದೆ. ಶೇ 6ರ ಹೊತ್ತಿಗೆ ಒಂದು ಸ್ವರಸ್ಥಾನವೇ ಮೇಲೆ ಹೋಗಿ ಗಾಯಕರ ದನಿ ಕೀರಲಾಗುತ್ತದೆ. ಆದ್ದರಿಂದ ಮೂರು ನಾಲ್ಕು ಬಿಪಿಎಂ ಅಂತರದೊಳಗಿನ ಹಾಡುಗಳನ್ನೇ ಆರಿಸಿಕೊಳ್ಳಿ.

ಮೊದಲು ಹೆಡ್‌ಫೋನ್ ಒಂದು ಕಿವಿಗೆ ಮಾತ್ರ ಹಾಕಿಕೊಳ್ಳಿ: ಅದರಲ್ಲಿ ಎರಡನೇ ಹಾಡು, ತೆರೆದ ಕಿವಿಗೆ ಸ್ಪೀಕರ್‌ನ ಹಾಡು. ಎರಡನೇ ರೆಕಾರ್ಡ್‌ನ ಮೊದಲ ಕಿಕ್ ಹುಡುಕಿ, ಸದ್ದು ಶುರುವಾಗುವ ಜಾಗದಲ್ಲೇ ಅಂಚನ್ನು ಬೆರಳ ತುದಿಯಿಂದ ಹಿಡಿದು ನಿಲ್ಲಿಸಿ. ಕೆಳಗೆ ಸ್ಲಿಪ್‌ಮ್ಯಾಟ್ ಎಂಬ ಜಾರುವ ಹಾಸು ಇರುವುದರಿಂದ ಟರ್ನ್‌ಟೇಬಲ್‌ನ ತಟ್ಟೆ ತಿರುಗುತ್ತಲೇ ಇರುತ್ತದೆ. ಇದೇ ಸ್ಲಿಪ್ ಕ್ಯೂ. ಮೋಟರ್ ನಿಲ್ಲಿಸಿ ಶುರು ಮಾಡಿದರೆ ತಟ್ಟೆ ಪೂರ್ತಿ ವೇಗಕ್ಕೆ ಬರಲು ಸುಮಾರು 0.7 ಸೆಕೆಂಡು ಬೇಕು. 128 ಬಿಪಿಎಂನಲ್ಲಿ ಅಷ್ಟರೊಳಗೆ ಒಂದು ಬೀಟ್ ಕಳೆದೇ ಹೋಗಿರುತ್ತದೆ. ಅಂಗೈಯಿಂದ ಒತ್ತಿ ಹಿಡಿದರೂ ತಟ್ಟೆಗೆ ತಡೆ ಬೀಳುತ್ತದೆ, ಸೂಜಿ ಹಾರುತ್ತದೆ. ಸ್ಪೀಕರ್‌ನಲ್ಲಿರುವ ಹಾಡಿನ ಒಂದನೇ ಬೀಟ್‌ಗೆ ಸರಿಯಾಗಿ, ತುಸು ಮುಂದಕ್ಕೆ ತಳ್ಳುತ್ತಾ ಬಿಡಿ. ಸುಮ್ಮನೆ ಕೈ ತೆಗೆದರೆ ರೆಕಾರ್ಡ್ ಜಾರಿ ತಡವಾಗುತ್ತದೆ.

ಇನ್ನು ಕೇಳಬೇಕು. ಎರಡನೆಯದು ಹಿಂದೆ ಬಿದ್ದರೆ ಲೇಬಲ್ ಮೇಲೆ ಬೆರಳಿಟ್ಟು ಮುಂದಕ್ಕೆ ನೂಕಿ; ಮುಂದೆ ಓಡಿದರೆ ತಟ್ಟೆಯ ಅಂಚಿನ ಚುಕ್ಕೆಗಳನ್ನು ಹಗುರಾಗಿ ಸವರಿ. ಯಾವ ಕಡೆ ಎಂದು ಗೊತ್ತಾಗದಿದ್ದರೆ ಬೇಕೆಂದೇ ಒಂದು ಕಡೆ ಸರಿಸಿ ನೋಡಿ: ಸದ್ದು ಇನ್ನೂ ಚದುರಿದರೆ ಸರಿಪಡಿಸಬೇಕಾದದ್ದು ಎದುರು ದಿಕ್ಕಿಗೆ.

ನೂಕಿದ ಮೇಲೆ ಸರಿಯಾಗಿ, ಸ್ವಲ್ಪದರಲ್ಲೇ ಮತ್ತೆ ಅದೇ ಕಡೆಗೆ ಜಾರಿತೇ? ಹಾಗಾದರೆ ತಪ್ಪು ಸ್ಲೈಡರ್‌ನಲ್ಲಿದೆ, ಕೈಯಲ್ಲಲ್ಲ. ವೇಗದಲ್ಲಿ ಶೇ 0.2 ವ್ಯತ್ಯಾಸವಿದ್ದರೂ 32 ಬೀಟ್‌ಗಳಲ್ಲಿ, ಅಂದರೆ 15 ಸೆಕೆಂಡಿನಲ್ಲಿ, ಸುಮಾರು 30 ಮಿಲಿಸೆಕೆಂಡು ಸರಿದು ಒಂದೇ ಕಿಕ್ 'ದಡ್' ಎನ್ನುವ ಬದಲು 'ದ-ದಡ್' ಎಂದು ಒಡೆಯುತ್ತದೆ. ಮುಂದಕ್ಕೆ ನೂಕಿದ್ದರೆ ವೇಗ ಏರುವ ಕಡೆಗೆ, ಸವರಿ ತಡೆದಿದ್ದರೆ ಇಳಿಯುವ ಕಡೆಗೆ ಸ್ಲೈಡರನ್ನೂ ಕೂದಲೆಳೆಯಷ್ಟು ಸರಿಸಿ, ಮತ್ತೆ 32 ಬೀಟ್ ಕೇಳಿ.

ಅಭ್ಯಾಸಕ್ಕೆ ಒಂದೇ ರೆಕಾರ್ಡ್‌ನ ಎರಡು ಪ್ರತಿ ಸಿಕ್ಕರೆ ಬಹಳ ಒಳ್ಳೆಯದು. ಎರಡೂ ಸ್ಲೈಡರ್ ಸೊನ್ನೆಯಲ್ಲಿದ್ದಾಗ ವೇಗದ ಚಿಂತೆಯೇ ಇಲ್ಲ, ರೆಕಾರ್ಡನ್ನು ಸರಿಯಾದ ಬೀಟ್‌ಗೆ ಬಿಡುವುದನ್ನಷ್ಟೇ ಕಲಿಯಬಹುದು. ಡ್ರಮ್ ಮೆಶಿನ್ ಬಳಸಿದ ಹೌಸ್, ಟೆಕ್ನೊ ಶೈಲಿಯ ಹಾಡುಗಳಿಂದ ಶುರು ಮಾಡಿ. 1970ರ ದಶಕದ ಡಿಸ್ಕೊ ರೆಕಾರ್ಡ್‌ಗಳಲ್ಲಿ ಹೆಚ್ಚಿನವಕ್ಕೆ ಡ್ರಮ್ ನುಡಿಸಿದ್ದು ಮನುಷ್ಯರೇ. ಹಾಡಿನ ನಡುವೆಯೇ ವೇಗ ಏರಿಳಿಯುವುದರಿಂದ ಮಿಕ್ಸ್ ಮುಗಿಯುವವರೆಗೂ ರೆಕಾರ್ಡ್ ಮೇಲಿನ ಕೈ ತೆಗೆಯುವಂತಿಲ್ಲ.