ಹೆಂಡತಿಗೆ ಹೊಡೆಯಬಾರದು ಎನ್ನುವ ಗಂಡಸರು ಬೇಕಾಗಿದ್ದಾರೆ

1991ರಲ್ಲಿ ಮುಂಬೈಯಲ್ಲಿ ಒಂದು ವಿಚಿತ್ರ ಪತ್ರಿಕಾ ಜಾಹೀರಾತು ಬಂತು. ಹೆಂಡತಿ ಇರುವುದು ಹೊಡೆಸಿಕೊಳ್ಳುವುದಕ್ಕಲ್ಲ ಎಂದು ನಂಬುವ ಗಂಡಸರು ಬೇಕಾಗಿದ್ದಾರೆ ಎಂಬುದು ಅದರ ಸಾರ. ಕೊಟ್ಟವರು ಪತ್ರಕರ್ತ ಸಿ.ವೈ. ಗೋಪಿನಾಥ್. 205 ಗಂಡಸರು ಉತ್ತರ ಬರೆದರು. ಆ ಗುಂಪಿನಿಂದಲೇ 1993ರಲ್ಲಿ ‘ಮಾವಾ’ (ಮೆನ್ ಎಗೇನ್ಸ್ಟ್ ವಯಲೆನ್ಸ್ ಅಂಡ್ ಅಬ್ಯೂಸ್) ಹುಟ್ಟಿತು. ಹರೀಶ್ ಸದಾನಿ ಅದನ್ನು ಮುನ್ನಡೆಸಿದರು.

ಅಲ್ಲಿಯವರೆಗೆ ಈ ಚರ್ಚೆಯಲ್ಲಿ ಗಂಡಸಿಗೆ ಇದ್ದದ್ದು ಒಂದೇ ಪಾತ್ರ, ಆರೋಪಿಯದು. ವರದಕ್ಷಿಣೆ ಸಾವುಗಳ ವಿರುದ್ಧ ಮಹಿಳೆಯರು ಬೀದಿಗಿಳಿದಿದ್ದರಿಂದಲೇ 1983ರಲ್ಲಿ ಆಗಿನ ಭಾರತೀಯ ದಂಡಸಂಹಿತೆಗೆ 498ಎ, ಅಂದರೆ ಗಂಡ ಮತ್ತವನ ಮನೆಯವರ ಕ್ರೌರ್ಯವನ್ನು ಶಿಕ್ಷಿಸುವ ಕಲಮು, ಸೇರಿತ್ತು. ಕಾನೂನು ಬೇಕೇ ಬೇಕಿತ್ತು. ಆದರೆ ಹೊಡೆಯುವವನು ಹೊಡೆಯುವವನಾಗಿ ಬೆಳೆದದ್ದು ಹೇಗೆ ಎಂದು ಕೇಳುವುದು ಕಾನೂನಿನ ಕೆಲಸವಲ್ಲವಲ್ಲ.

ಮದುವೆಯಾಗಿ, ಕೈ ಎತ್ತುವುದೇ ರೂಢಿಯಾದ ಮೇಲೆ ಬುದ್ಧಿ ಹೇಳಿದರೆ ತೀರಾ ತಡ. ಮಾವಾ ಕ್ರಮೇಣ ಹರೆಯದವರತ್ತ ತಿರುಗಿ, 2006ರಲ್ಲಿ ಪುಣೆಯ ಕಾಲೇಜುಗಳಲ್ಲಿ ‘ಯುವ ಮೈತ್ರಿ’ ಶುರುಮಾಡಿತು. ವಿದ್ಯಾರ್ಥಿಗಳನ್ನೇ ಶಿಬಿರಗಳಲ್ಲಿ ತಯಾರು ಮಾಡಿ, ಓರಗೆಯವರ ನಡುವೆ ಮಾತು ಹುಟ್ಟಿಸುವ ಕ್ರಮ ಅದು. ಅಲ್ಲಿ ಹಿಂಸೆಯ ಜೊತೆಗೆ ದೇಹ, ಲೈಂಗಿಕತೆ, ಪ್ರೀತಿಯ ಮಾತೂ ಇತ್ತು. ನನ್ನ ಮಟ್ಟಿಗೆ ಈ ಇತಿಹಾಸದ ನಿಜವಾದ ತಿರುವು ಇದೇ. ‘ಹೆಣ್ಣನ್ನು ಗೌರವಿಸು’ ಎಂಬ ಭಾಷಣಕ್ಕೆ ಹತ್ತೊಂಬತ್ತರ ಹುಡುಗ ಆಕಳಿಸುತ್ತಾನೆ. ಅವನೊಳಗೆ ಕುದಿಯುವುದು ಬೇರೆ: ತನ್ನ ಮೈ ಸರಿಯಿದೆಯೇ, ಅವಳು ಒಲ್ಲೆ ಎಂದರೆ ಗೆಳೆಯರ ಮುಂದೆ ಮುಖ ತೋರಿಸುವುದು ಹೇಗೆ. ‘ಹೆಣ್ಣಿಗನ ಹಾಗೆ ಅಳ್ತೀಯಲ್ಲೋ’, ‘ಬಳೆ ತೊಟ್ಕೊ ಹೋಗು’ ಕೇಳಿಕೊಂಡೇ ಬೆಳೆದವನು ಇವನ್ನು ಯಾರ ಬಳಿ ಬಾಯಿಬಿಟ್ಟಾನು?

ಆ ಹೊತ್ತಿಗೆ ಬ್ರೆಜಿಲ್‌ನ ಪ್ರೊಮುಂಡೊ ಸಂಸ್ಥೆ ಯುವಕರಿಗೆಂದು ರೂಪಿಸಿದ್ದ, ಹೆಣ್ಣು ಗಂಡಿನ ಸಮಾನತೆಯ ತರಬೇತಿ ‘ಪ್ರೋಗ್ರಾಂ ಎಚ್’ ಭಾರತಕ್ಕೂ ಬಂದಿತ್ತು. ಮುಂಬೈ ಕೊಳೆಗೇರಿಗಳಲ್ಲಿ, ಗೋರಖ್‌ಪುರದ ಹಳ್ಳಿಗಳಲ್ಲಿ ಅದಕ್ಕೆ ‘ಯಾರಿ ದೋಸ್ತಿ’ ಎಂದು ಹೆಸರು. ಪಾಲ್ಗೊಂಡವರಲ್ಲಿ ಹಿಂಸೆ ತಗ್ಗಿತೆಂದು ಅಧ್ಯಯನ ಹೇಳಿತು. ಆದರೆ ಲೆಕ್ಕ ಕೊಟ್ಟವರೂ ಅದೇ ಹುಡುಗರು. ಯಾವ ಉತ್ತರಕ್ಕೆ ಶಭಾಸ್‌ಗಿರಿ ಎಂಬುದನ್ನು ಕಲಿಯಲು ಎಷ್ಟು ಹೊತ್ತು ಬೇಕು?

ಇನ್ನಷ್ಟು ಗಟ್ಟಿ ಪುರಾವೆ ಸಿಕ್ಕಿದ್ದು ಹರಿಯಾಣದಲ್ಲಿ. ಬ್ರೇಕ್‌ಥ್ರೂ ಸಂಸ್ಥೆ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಏಳನೇ ತರಗತಿಯಿಂದ ಎರಡೂವರೆ ವರ್ಷ ಹೆಣ್ಣು ಗಂಡಿನ ಸಮಾನತೆಯ ಪಾಠ ನಡೆಸಿತು. ಪಾಠವಿದ್ದ, ಇಲ್ಲದ ಒಟ್ಟು 314 ಶಾಲೆಗಳನ್ನು ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದರು. ಗಂಡು, ಹೆಣ್ಣು ಇಬ್ಬರ ಧೋರಣೆಯೂ ಬದಲಾಗಿತ್ತು. ನಡೆಯಲ್ಲಿ ಮಾತ್ರ ಹುಡುಗರೇ ಹೆಚ್ಚು ಬದಲಾಗಿದ್ದರು, ಮನೆಗೆಲಸಕ್ಕೆ ಕೈಹಚ್ಚುವುದೂ ಸೇರಿ. ಕಾರಣ ಸರಳ. ಹುಡುಗ ಪೊರಕೆ ಹಿಡಿಯುತ್ತೇನೆಂದರೆ ಹೆಚ್ಚೆಂದರೆ ನಗುತ್ತಾರೆ. ಹುಡುಗಿ ಹೊರಗೆ ಹೋಗುತ್ತೇನೆಂದರೆ ಬಾಗಿಲೇ ಮುಚ್ಚುತ್ತದೆ.

ಗಂಡಸರ ಸಂಘಟನೆಯೆಂದರೆ ಎಲ್ಲವೂ ಈ ದಾರಿಯವಲ್ಲ. 498ಎ ದುರ್ಬಳಕೆಯಾಗುತ್ತಿದೆ ಎಂದು ಹೋರಾಡುವ ಸೇವ್ ಇಂಡಿಯನ್ ಫ್ಯಾಮಿಲಿ ಫೌಂಡೇಶನ್ 2005ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲೇ. ಗಂಡಸರಿಗೂ ನೋವಿದೆ ಎಂಬ ಅದರ ಮಾತು ಸುಳ್ಳಲ್ಲ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1.7 ಲಕ್ಷ ಜನರಲ್ಲಿ ಶೇ. 70ಕ್ಕಿಂತ ಹೆಚ್ಚು ಗಂಡಸರು. ಆದರೆ ಆ ನೋವಿಗೆಲ್ಲ ಹೆಂಗಸನ್ನೇ ಹೊಣೆ ಮಾಡಿ ಸಿಟ್ಟು ಮಾರುವವರೇ ಇವತ್ತು ಮೊಬೈಲ್‌ನಲ್ಲಿ ಹುಡುಗರಿಗೆ ಮೊದಲು ಸಿಗುತ್ತಾರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ ವಿವಾಹಿತೆಯರು 2015-16ರಲ್ಲಿ ಶೇ. 20.6. ಮುಂದಿನ ಸಮೀಕ್ಷೆಯಲ್ಲಿ ಶೇ. 44.4, ದೇಶದಲ್ಲೇ ಅತಿ ಹೆಚ್ಚು. ಹಿಂಸೆ ಬೆಳೆಯಿತೋ, ಹೇಳಿಕೊಳ್ಳುವ ಧೈರ್ಯ ಬೆಳೆಯಿತೋ, ವಾದಿಸಬಹುದು. ಕಡಿಮೆ ಅಂಕಿಯನ್ನೇ ಹಿಡಿದರೂ ಐದು ಮನೆಗೊಂದು. ಹರಿಯಾಣದಂಥ ಪಾಠವನ್ನು ನಮ್ಮ ಏಳನೇ ತರಗತಿಗೆ ತರಲು ಇನ್ನೊಂದು ಸಮೀಕ್ಷೆಗೆ ಕಾಯಬೇಕಿಲ್ಲ.