ಆಟಿಕೆ ಕ್ಯಾಮೆರಾ: ಆರು ಪಟ್ಟು ಬೆಳಕಿನ ಲೆಕ್ಕ

ಹೋಲ್ಗಾ ಎಂಬ ನನ್ನ ಆಟಿಕೆ ಕ್ಯಾಮೆರಾದಲ್ಲಿ ಎರಡು ರೋಲ್ ಫಿಲಂ ಹಾಳು ಮಾಡಿ, ಮೂರನೆಯದನ್ನು ಹಾಕುವ ಮೊದಲು ಇದನ್ನು ಬರೆಯುತ್ತಿದ್ದೇನೆ. ಬರೆದರೆ ನನ್ನ ತಲೆಯಲ್ಲೂ ಕೂರುತ್ತದೆ, ಇದೇ ಗುಂಡಿಗೆ ಬೀಳಲಿರುವ ಇನ್ನೊಬ್ಬರಿಗೂ ಉಪಯೋಗವಾದೀತು. ರೋಲ್ ಹಾಕುವುದು ಹೇಗೆ, ತೊಳೆಸುವುದು ಹೇಗೆ ಎಂಬುದೆಲ್ಲ ಇಲ್ಲಿಲ್ಲ. ಈ ಪ್ಲಾಸ್ಟಿಕ್ ಡಬ್ಬಿಯನ್ನು ಕೆಲವರು ಯಾಕೆ ಹೊಗಳುತ್ತಾರೆ, ಕೆಲವರು ಯಾಕೆ ಬೈಯುತ್ತಾರೆ, ಮತ್ತು ಎರಡೂ ಕಡೆಯವರು ಹಾರಿಸಿಬಿಡುವ ಒಂದು ಲೆಕ್ಕ ಯಾವುದು, ಇಷ್ಟೇ ವಿಷಯ.

ಡಬ್ಬಿಯೊಳಗೆ ಏನಿದೆ

ಆಟಿಕೆ ಕ್ಯಾಮೆರಾ ಎಂದ ತಕ್ಷಣ ಬರುವ ಹೆಸರುಗಳು ಎರಡು. ಒಂದು ಡಯಾನಾ. 1960ರ ದಶಕದಲ್ಲಿ ಹಾಂಗ್‌ಕಾಂಗ್‌ನ ಗ್ರೇಟ್ ವಾಲ್ ಪ್ಲಾಸ್ಟಿಕ್ ಫ್ಯಾಕ್ಟರಿ ತಯಾರಿಸಿದ್ದು. ಇನ್ನೊಂದು ಹೋಲ್ಗಾ. 1980ರ ದಶಕದ ಶುರುವಿನಲ್ಲಿ ಹಾಂಗ್‌ಕಾಂಗ್‌ನಲ್ಲೇ ಟಿ. ಎಂ. ಲೀ ಎಂಬುವರು ರೂಪಿಸಿದ್ದು. ಚೀನಾದ ಸಾಮಾನ್ಯ ಜನರಿಗೆ ಅಗ್ಗದಲ್ಲಿ ಒಂದು ಕ್ಯಾಮೆರಾ ಸಿಗಲಿ ಎಂಬುದು ಉದ್ದೇಶವಾಗಿತ್ತು. ಅಲ್ಲಿ ಆಗ 120 ಫಿಲಂ (ಹಿಂದೆ ಕಾಗದವಿರುವ ಅಗಲದ ಫಿಲಂ) ಸುಲಭವಾಗಿ ಸಿಗುತ್ತಿತ್ತು. ಸ್ವಲ್ಪ ಸಮಯದಲ್ಲೇ ಅದಕ್ಕಿಂತ ಕಿರಿದಾದ ಫಿಲಂ ಬಳಸುವ 35 ಎಂಎಂ ಕ್ಯಾಮೆರಾಗಳು ಬಂದು ಮಾರುಕಟ್ಟೆ ತುಂಬಿಕೊಂಡವು. ಹೋಲ್ಗಾಗೆ ಅಭಿಮಾನಿಗಳು ಹುಟ್ಟಿದ್ದು ಹೊರದೇಶಗಳಲ್ಲಿ. ಹೆಸರಿನ ಮೂಲ ಕ್ಯಾಂಟನೀಸ್‌ನ 'ಹೋ ಗ್ವಾಂಗ್', ಅಂದರೆ 'ಬಹಳ ಬೆಳಕು'. ಈ ಕ್ಯಾಮೆರಾ ಕೇಳುವುದೂ ಅದನ್ನೇ. ಇದು ನನಗೆ ತಿಳಿದದ್ದು ಎರಡನೇ ರೋಲ್ ಹಾಳಾದ ಮೇಲೆ.

ಲೆನ್ಸ್ ಅಂದರೆ ಒಂದೇ ಒಂದು ಪ್ಲಾಸ್ಟಿಕ್ ಬಿಲ್ಲೆ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ಒಂಟಿ ಬಿಲ್ಲೆ ಬೆಳಕನ್ನು ಸಮತಟ್ಟಾದ ಫಿಲಂ ಮೇಲೆ ಸರಿಯಾಗಿ ಕೂರಿಸಲಾರದು. ಅದು ಮೂಡಿಸುವ ಚಿತ್ರ ಬೋಗುಣಿಯ ಹಾಗೆ ಬಾಗಿರುತ್ತದೆ. ಹಾಗಾಗಿ ನಡುವೆ ಚೂಪು, ಅಂಚಿಗೆ ಹೋದಂತೆ ಕಲಸಿದ ಹಾಗೆ. ಒಮ್ಮೆ ಬಳಸಿ, ಫಿಲಂ ತೊಳೆಯಲು ಡಬ್ಬಿ ಸಮೇತ ಕೊಡುವ ಎಷ್ಟೋ ಕ್ಯಾಮೆರಾಗಳಲ್ಲಿ ಇದಕ್ಕೊಂದು ಜಾಣ ಉಪಾಯವಿದೆ. ಲೆನ್ಸ್ ತಿದ್ದುವ ಬದಲು ಫಿಲಂ ಕೂರುವ ಜಾಗವನ್ನೇ ಸ್ವಲ್ಪ ಬಾಗಿಸಿರುತ್ತಾರೆ. ಹೋಲ್ಗಾದಲ್ಲಿ ಅದೂ ಇಲ್ಲ. ಮೂಲೆಗಳಿಗೆ ಬೆಳಕೂ ಪೂರ್ತಿ ತಲುಪುವುದಿಲ್ಲ, ಅದಕ್ಕೇ ನಾಲ್ಕೂ ಮೂಲೆ ಕಪ್ಪು. ಜನ ಕೊಂಡಾಡುವ 'ಕನಸಿನಂಥ ಚಿತ್ರ'ದ ಮುಕ್ಕಾಲು ಪಾಲು ಇಷ್ಟೇ.

ನಾನು ಎಡವಿದ ಜಾಗ

ನನ್ನ ಎರಡನೇ ರೋಲ್‌ನಲ್ಲಿ ಹನ್ನೆರಡು ಚಿತ್ರ ಇರಬೇಕಿತ್ತು. ಏಳು ಬಂದವು. ಉಳಿದ ಐದು ಜಾಗದಲ್ಲಿ ಫಿಲಂ ಗಾಜಿನ ಹಾಗೆ ಖಾಲಿ. 'ಆಟಿಕೆ ಕ್ಯಾಮೆರಾ ಅಂದ್ರೆ ಹಾಗೇ, ಅದೃಷ್ಟ' ಎಂದು ಒಬ್ಬ ಸ್ನೇಹಿತ ಸಮಾಧಾನ ಹೇಳಿದ. ನಾನೂ ನಂಬಿದೆ. ಆಮೇಲೆ ನೋಡಿದರೆ ಬಂದ ಏಳೂ ಹೊರಗಡೆ ತೆಗೆದವು, ಬರದ ಐದೂ ಮನೆಯೊಳಗೆ ತೆಗೆದವು. ಇದರಲ್ಲಿ ಅದೃಷ್ಟ ಎಲ್ಲಿ ಬಂತು?

ಈ ಕ್ಯಾಮೆರಾದಲ್ಲಿ ಶಟರ್ ವೇಗ ಒಂದೇ, ಸುಮಾರು 1/100 ಸೆಕೆಂಡ್. ಲೆನ್ಸ್ ಮೇಲೆ ಬಿಸಿಲು, ಮೋಡ ಎಂದು ಎರಡು ಗುರುತುಗಳಿರುವ ಪುಟ್ಟ ಸ್ವಿಚ್ ಇದೆ. ಹಳೆಯ ಹೋಲ್ಗಾಗಳಲ್ಲಿ ಅದು ಬರೀ ಶೋಕಿ. ಒಳಗಿನ ತೂತು ಎರಡಕ್ಕೂ ಹೆಚ್ಚುಕಡಿಮೆ ಎಫ್/13 ಅಷ್ಟೇ ಬೆಳಕು ಬಿಡುತ್ತದೆ. ಎಫ್ ಎಂಬುದು ತೂತಿನ ಅಳತೆ, ಅಂಕಿ ಚಿಕ್ಕದಾದಷ್ಟೂ ತೂತು ದೊಡ್ಡದು. ನನ್ನದು ಅಂಥ ಹಳೆಯದು. ಅಂದರೆ ಬಿಸಿಲಿರಲಿ ಕತ್ತಲಿರಲಿ, ಇದು ಬಾಗಿಲು ತೆರೆಯುವುದು ಅಷ್ಟೇ ಅಗಲ, ಅಷ್ಟೇ ಹೊತ್ತು.

ಈಗ ಲೆಕ್ಕ. 'ಬಿಸಿಲು 16' ಎಂಬ ಹಳೇ ನಿಯಮ ನಿಮಗೆ ಗೊತ್ತಿರಬಹುದು. ಚುರುಕು ಬಿಸಿಲಿನಲ್ಲಿ ಎಫ್/16 ಇಟ್ಟು, ಫಿಲಂನ ಐಎಸ್‌ಒ (ಬೆಳಕು ಹಿಡಿಯುವ ಚುರುಕಿನ ಅಂಕಿ) ಎಷ್ಟೋ ಸೆಕೆಂಡಿನ ಅಷ್ಟನೇ ಒಂದು ಭಾಗ ಶಟರ್ ತೆರೆದರೆ ಫಿಲಂಗೆ ಬೀಳುವ ಬೆಳಕು, ಅಂದರೆ ಎಕ್ಸ್‌ಪೋಷರ್ ಸರಿ. ನಾನು ಹಾಕಿದ್ದು ಐಎಸ್‌ಒ 400. ಹಾಗಾದರೆ ಎಫ್/16, 1/400 ಸಾಕು. ನನ್ನ ಡಬ್ಬಿ 1/100 ತೆರೆಯುತ್ತದೆ. ಇದು ನಾಲ್ಕು ಪಟ್ಟು ಹೊತ್ತು. ತೂತೂ ಎಫ್/16ಕ್ಕಿಂತ ದೊಡ್ಡದು. 16ನ್ನು 13ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಸುಮಾರು ಒಂದೂವರೆ. ತೂತಿನ ವಿಸ್ತಾರ ಒಂದೂವರೆ ಪಟ್ಟು ಜಾಸ್ತಿ ಎಂದರ್ಥ.

ಇಲ್ಲೇ ನಾನು ಮುಗ್ಗರಿಸಿದ್ದು. ನಾಲ್ಕಕ್ಕೆ ಒಂದೂವರೆ ಕೂಡಿಸಿ ಐದೂವರೆ ಎಂದು ಬರೆದುಕೊಂಡೆ. ಕೂಡಿಸಬಾರದು, ಗುಣಿಸಬೇಕು. ನಲ್ಲಿ ಒಂದೂವರೆ ಪಟ್ಟು ಅಗಲ, ಅದರ ಮೇಲೆ ನಾಲ್ಕು ಪಟ್ಟು ಹೊತ್ತು ತೆರೆದಿಟ್ಟರೆ ಬರುವ ನೀರು ಆರು ಪಟ್ಟು. ಈ ಸಲ ಉತ್ತರ ಹತ್ತಿರ ಹತ್ತಿರ ಬಂದದ್ದರಿಂದ ತಪ್ಪು ಕಣ್ಣಿಗೆ ಬೀಳಲಿಲ್ಲ. ಮೋಡದ ಲೆಕ್ಕಕ್ಕೆ ಹೋದಾಗ ಎಲ್ಲ ಎಡವಟ್ಟಾಯಿತು. ಸ್ಟಾಪ್ ಲೆಕ್ಕದವರು ಕೂಡಿಸುತ್ತಾರಲ್ಲ ಎಂದು ಕೇಳಬಹುದು. ಅವರು ಕೂಡಿಸುವುದು ದುಪ್ಪಟ್ಟುಗಳ ಎಣಿಕೆಯನ್ನು. ಒಂದು ಸ್ಟಾಪ್ ಎಂದರೆ ಎರಡು ಪಟ್ಟು, ಎರಡು ಸ್ಟಾಪ್ ಎಂದರೆ ನಾಲ್ಕು ಪಟ್ಟು, ಮೂರು ಎಂದರೆ ಎಂಟು. ಪಟ್ಟು ಹಿಡಿದರೆ ಗುಣಿಸಿ, ಸ್ಟಾಪ್ ಹಿಡಿದರೆ ಕೂಡಿಸಿ. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಬೇಡಿ. ನಾನು ಬೆರೆಸಿಯೇ ಒಂದು ಸಂಜೆ ಕಳೆದೆ.

ಹಾಗಾದರೆ ಬಿಸಿಲಿನಲ್ಲಿ ಬೇಕಾದದ್ದಕ್ಕಿಂತ ಆರು ಪಟ್ಟು ಬೆಳಕು. ಎರಡೂವರೆ ಸ್ಟಾಪ್‌ಗಿಂತ ಒಂದು ಚೂರು ಮೇಲೆ. ಚಿತ್ರ ಬೆಳ್ಳಗೆ ಸುಟ್ಟು ಹೋಗಬೇಕಿತ್ತು, ಅಲ್ವಾ? ಹೋಗಲಿಲ್ಲ. ಬಿಸಿಲಿನಲ್ಲಿ ತೆಗೆದವು ಚೆನ್ನಾಗಿಯೇ ಬಂದಿವೆ.

ಇದರ ಗುಟ್ಟು ಕ್ಯಾಮೆರಾದಲ್ಲಿಲ್ಲ, ನೆಗೆಟಿವ್ ಫಿಲಂನಲ್ಲಿದೆ. ನೆಗೆಟಿವ್‌ನಲ್ಲಿ ಬೆಳಕು ಬಿದ್ದ ಕಡೆ ಕಪ್ಪಾಗುತ್ತದೆ. ಜಾಸ್ತಿ ಬಿದ್ದರೆ ಇನ್ನೂ ಕಪ್ಪು. ಆ ಕಪ್ಪಿನಲ್ಲೂ ಹೆಚ್ಚು ಕಪ್ಪು, ಕಮ್ಮಿ ಕಪ್ಪು ಎಂಬ ವ್ಯತ್ಯಾಸ ತುಂಬಾ ದೂರದವರೆಗೆ ಉಳಿದಿರುತ್ತದೆ. ಸ್ಕ್ಯಾನ್ ಮಾಡುವಾಗ ಹಿಂದಿನಿಂದ ಬೆಳಕು ಜೋರು ಮಾಡಿದರೆ ವಿವರ ಹೊರಬರುತ್ತದೆ. ಬೆಳಕು ಕಮ್ಮಿ ಬಿದ್ದರೆ ಹಾಗಲ್ಲ. ಫಿಲಂ ಮೇಲೆ ಏನೂ ಮೂಡಿರುವುದೇ ಇಲ್ಲ. ಪೆನ್ಸಿಲ್ ಒತ್ತಿ ಬರೆದರೆ ಅಕ್ಷರ ದಪ್ಪವಾಗಿರುತ್ತದೆ, ಆದರೂ ಓದಬಹುದು. ಬರೆಯದೇ ಬಿಟ್ಟ ಅಕ್ಷರವನ್ನು ಯಾವ ದೀಪ ಹಿಡಿದು ಓದುತ್ತೀರಿ?

ಇದೇ ಕಾರಣಕ್ಕೆ ಸ್ಲೈಡ್ ಫಿಲಂ (ತೊಳೆದಾಗ ನೇರ ಚಿತ್ರವೇ ಸಿಗುವ ಫಿಲಂ) ಈ ಕ್ಯಾಮೆರಾಗೆ ಆಗಿಬರುವುದಿಲ್ಲ. ಅಲ್ಲಿ ಬೆಳಕು ಜಾಸ್ತಿಯಾದರೆ ಫಿಲಂ ತಿಳಿಯಾಗುತ್ತದೆ, ತಿಳಿಯಾದ ಕಡೆ ವಿವರ ಮಾಯ.

ಈಗ ಆರು ಎಂಬ ಒಂದೇ ಸಂಖ್ಯೆ ನೆನಪಿಟ್ಟುಕೊಳ್ಳಿ. ನನ್ನ ಅಡ್ಡದಾರಿ ಇದೇ. ಆಕಾಶಪೂರ್ತಿ ಮೋಡವಿದ್ದರೆ ಬೆಳಕು ಬಿಸಿಲಿನ ಕಾಲು ಭಾಗ. ಆರನ್ನು ನಾಲ್ಕರಿಂದ ಭಾಗಿಸಿದರೆ ಒಂದೂವರೆ. ಅಂದರೆ ಹೆಚ್ಚುಕಡಿಮೆ ಸರಿಯಾದ ಎಕ್ಸ್‌ಪೋಷರ್. ದಟ್ಟ ಮೋಡವಾದರೆ ಎಂಟರಲ್ಲೊಂದು ಭಾಗ, ಆಗ ಬರುವುದು ಮುಕ್ಕಾಲು. ನಡೆಯುತ್ತದೆ. ಬಿಸಿಲಿನ ದಿನ ಕಟ್ಟಡದ ನೆರಳಿಗೆ ನಿಂತರೆ ಹದಿನಾರರಲ್ಲೊಂದು. ಆರನ್ನು ಹದಿನಾರರಿಂದ ಭಾಗಿಸಿದರೆ ಅರ್ಧಕ್ಕಿಂತ ಕಮ್ಮಿ. ಚಿತ್ರ ಬರುತ್ತದೆ, ಮಂಕಾಗಿ. ಮನೆಯೊಳಗಿನ ದೀಪದ ಬೆಳಕು ಬಿಸಿಲಿಗಿಂತ ಐನೂರು ಪಟ್ಟಾದರೂ ಕಮ್ಮಿ. ಆರನ್ನು ಐನೂರರಿಂದ ಭಾಗಿಸಿ ನೋಡಿ. ನನ್ನ ಐದು ಖಾಲಿ ಜಾಗಗಳು ಅಲ್ಲಿ ಹೋದವು. ಐಎಸ್‌ಒ 100 ಹಾಕಿದರೆ ಶುರುವಿನ ಆರು ಒಂದೂವರೆಗೆ ಇಳಿಯುತ್ತದೆ. ಆಗ ಬಿಸಿಲು ಬಿಟ್ಟು ಬೇರೆಲ್ಲೂ ಆಟವಿಲ್ಲ.

ಒಮ್ಮೆ ಬಳಸಿ ಕೊಡುವ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ 400 ಅಥವಾ 800ರ ಫಿಲಂ ಇರುವುದಕ್ಕೂ, ಜೊತೆಗೆ ಫ್ಲ್ಯಾಶ್ ಕೊಡುವುದಕ್ಕೂ ಇದೇ ಕಾರಣ. 2022ರಲ್ಲಿ ಬಂದ ಕೊಡಾಕ್ ಎಕ್ಟಾರ್ ಎಚ್35 ಕೂಡ ಇದೇ ಜಾತಿ. ಎಫ್/9.5, 1/100, ಬದಲಾಯಿಸಲು ಏನೂ ಇಲ್ಲ. ಅದರ ಲೆಕ್ಕ ನೀವೇ ಮಾಡಿ ನೋಡಿ. 16 ಭಾಗಿಸು 9.5, ಅದರ ವರ್ಗ, ಗುಣಿಸು ನಾಲ್ಕು. ಹನ್ನೊಂದರ ಹತ್ತಿರ ಬಂದರೆ ನಿಮಗೆ ಅರ್ಥವಾಗಿದೆ.

ಕೆಂಪು ಕಿಟಕಿ

ಮೊದಲ ರೋಲ್ ಹಾಳಾದದ್ದು ಇಲ್ಲಿ. 120 ಫಿಲಂನ ಹಿಂದಿನ ಕಾಗದದ ಮೇಲೆ ಮೂರು ಸಾಲು ಅಂಕಿಗಳಿರುತ್ತವೆ, ಮೂರು ಅಳತೆಯ ಚಿತ್ರಗಳಿಗೆ. ಹೋಲ್ಗಾದ ಬೆನ್ನಿನ ಕೆಂಪು ಕಿಟಕಿ ಅದರಲ್ಲಿ ಒಂದು ಸಾಲನ್ನು ತೋರಿಸುತ್ತದೆ. ಯಾವ ಸಾಲು ಎಂಬುದನ್ನು 12 ಅಥವಾ 16 ಎಂಬ ಬಾಣ ತೀರ್ಮಾನಿಸುತ್ತದೆ. 12 ಎಂದರೆ ಚೌಕ ಚಿತ್ರ. 16 ಎಂದರೆ ಒಳಗೆ ಕಿರಿದಾದ ಚೌಕಟ್ಟು ಕೂರಿಸಿದಾಗ ಬರುವ ಆಯತ ಚಿತ್ರ. ನಾನು ಚೌಕಟ್ಟು ತೆಗೆದಿಟ್ಟು, ಬಾಣವನ್ನು 16ರಲ್ಲೇ ಬಿಟ್ಟೆ. ಫಿಲಂ ಪ್ರತಿ ಸಲ ಬೇಕಾದದ್ದಕ್ಕಿಂತ ಕಮ್ಮಿ ಮುಂದೆ ಹೋಯಿತು. ಒಂದರ ಅಂಚು ಇನ್ನೊಂದರ ಮೈಮೇಲೆ. ಹದಿನಾರು ಚಿತ್ರ ಒಂದೇ ಉದ್ದನೆಯ ಪಟ್ಟಿಯಾಗಿ ಬಂತು. ಕೆಲವರು ಇದನ್ನೇ ಬೇಕೆಂದು ಮಾಡಿ ಪನೋರಮಾ ಎನ್ನುತ್ತಾರಂತೆ. ನನ್ನದಕ್ಕೆ ಆ ಹೆಸರು ಕೊಡುವ ಧೈರ್ಯ ಬರಲಿಲ್ಲ.

ಇನ್ನೊಂದು: ನೋಡುವ ಕಿಂಡಿ ಲೆನ್ಸ್ ಮೂಲಕ ನೋಡುವುದಿಲ್ಲ. ಲೆನ್ಸಿನ ಮುಚ್ಚಳ ತೆಗೆಯದಿದ್ದರೂ ದೃಶ್ಯ ಚೆನ್ನಾಗಿಯೇ ಕಾಣುತ್ತದೆ. ಹೇಗೆ ಗೊತ್ತು ಎಂದು ಕೇಳಬೇಡಿ.

ಫೋಕಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಬ್ಬ, ಮೂವರು, ಗುಂಪು, ಬೆಟ್ಟ ಎಂದು ನಾಲ್ಕು ಗುರುತುಗಳಿವೆ. ತೂತು ಚಿಕ್ಕದಾದ್ದರಿಂದ ಗುಂಪಿನ ಗುರುತಿಗೆ, ಅಂದರೆ ಸುಮಾರು 6 ಮೀಟರ್‌ಗೆ, ಇಟ್ಟುಬಿಟ್ಟರೆ ಮೂರು ಮೀಟರ್‌ನಿಂದ ದೂರದ ಬೆಟ್ಟದವರೆಗೆ ಎಲ್ಲ ನಡೆಯುತ್ತದೆ.

ಮೆಚ್ಚುವವರು

1970ರ ದಶಕದಲ್ಲಿ ಅಮೆರಿಕದ ನ್ಯಾನ್ಸಿ ರೆಕ್ಸ್‌ರಾತ್ ಓಹಾಯೋದ ಸಣ್ಣ ಊರುಗಳನ್ನು ಡಯಾನಾದಲ್ಲಿ ತೆಗೆದರು. ಮಸುಕು ಆ ಚಿತ್ರಗಳ ಭಾಷೆಯೇ ಆಯಿತು. 2000ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಪ್ರಚಾರದ ಹೊತ್ತಿನಲ್ಲಿ ಡೇವಿಡ್ ಬರ್ನೆಟ್ ಹೋಲ್ಗಾದಲ್ಲಿ ತೆಗೆದ ಅಲ್ ಗೋರ್ ಚಿತ್ರಕ್ಕೆ ಬಹುಮಾನ ಬಂತು. ಇವರಿಬ್ಬರೂ ಸುಮ್ನೆ ಒತ್ತಿದವರಲ್ಲ. ಬರ್ನೆಟ್ ಪಳಗಿದ ಪತ್ರಿಕಾ ಛಾಯಾಗ್ರಾಹಕ. ಯಾವ ಬೆಳಕಿಗೆ ಡಬ್ಬಿ ಹೊರತೆಗೆಯಬೇಕು ಎಂಬುದು ಗೊತ್ತಿದ್ದವರು.

ನನಗೆ ಹಿಡಿಸಿದ್ದು ಬೇರೆ. ಶಟರ್‌ಗೂ ಫಿಲಂ ಸುತ್ತುವ ಗುಬಟಿಗೂ ಸಂಬಂಧವಿಲ್ಲ. ಸುತ್ತದೆ ಇನ್ನೊಮ್ಮೆ ಒತ್ತಿದರೆ ಅದೇ ಜಾಗದಲ್ಲಿ ಎರಡನೇ ಚಿತ್ರ. ದುಬಾರಿ ಕ್ಯಾಮೆರಾಗಳು ತಪ್ಪೆಂದು ತಡೆಯುವುದನ್ನು ಇದು ತಡೆಯುವುದಿಲ್ಲ. ಎರಡೂ ಚಿತ್ರಗಳ ಬೆಳಕು ಒಂದರ ಮೇಲೊಂದು ಸೇರುತ್ತದೆ, ಅಂದರೆ ಮೇಲಿನ ಲೆಕ್ಕ ಇಲ್ಲೂ ಬೇಕು. ಬಿಸಿಲಿನಲ್ಲಿ ಎರಡು ಸಲ ಒತ್ತಿದರೆ ಹನ್ನೆರಡು ಪಟ್ಟು. ದಟ್ಟ ಮೋಡದಲ್ಲಾದರೆ ಮುಕ್ಕಾಲಿಗೆ ಮುಕ್ಕಾಲು ಸೇರಿ ಒಂದೂವರೆ. ಹಾಗಾಗಿ ಡಬಲ್ ಎಕ್ಸ್‌ಪೋಷರ್‌ಗೆ ಮೋಡದ ದಿನವೇ ಒಳ್ಳೆಯದು.

ಬೈಯುವವರು

ಬೈಗುಳದಲ್ಲಿ ಒಂದು ಗೊಂದಲ ಮೊದಲು ಸರಿಮಾಡಿಕೊಳ್ಳಬೇಕು. ಲೋಮೋ ಎಲ್‌ಸಿ-ಎ ಕ್ಯಾಮೆರಾವನ್ನೂ ಜನ ಇದೇ ಗುಂಪಿಗೆ ಸೇರಿಸುತ್ತಾರೆ. ಅದು 1984ರಿಂದ ಲೆನಿನ್‌ಗ್ರಾಡ್‌ನಲ್ಲಿ ತಯಾರಾದದ್ದು, ಗಾಜಿನ ಲೆನ್ಸ್, ಬೆಳಕು ತಾನೇ ಅಳೆಯುತ್ತದೆ. ನನ್ನ ಐದು ಖಾಲಿ ಚಿತ್ರಗಳನ್ನು ಅದು ತೆಗೆದುಕೊಡುತ್ತಿತ್ತು, ಕೈ ಅಲುಗಿದರೂ ಸರಿ. 1991ರಲ್ಲಿ ವಿಯೆನ್ನಾದ ಕೆಲವು ಯುವಕರು ಪ್ರಾಗ್‌ನಲ್ಲಿ ಅದನ್ನು ಕಂಡು ಮೆಚ್ಚಿಕೊಂಡರು, ಮರುವರ್ಷ ಸಂಘ ಕಟ್ಟಿದರು. ಯೋಚಿಸಬೇಡಿ, ಸುಮ್ನೆ ಒತ್ತಿ ಎಂಬ ಮಾತು ಹಬ್ಬಿದ್ದು ಅಲ್ಲಿಂದ. ತಾನೇ ಅಳೆಯುವ ಕ್ಯಾಮೆರಾಗೆ ಆ ಮಾತು ಹೊಂದುತ್ತದೆ. ಹೋಲ್ಗಾಗೆ ಹೊಂದುವುದಿಲ್ಲ. ಅಳೆಯುವ ಕೆಲಸ ಇಲ್ಲಿ ನಮ್ಮ ತಲೆಗೇ ಬಿಟ್ಟದ್ದು.

ವಿಮರ್ಶಕರ ಗಟ್ಟಿ ಮಾತು ಇದು: ದೋಷವನ್ನೇ ಗುಣ ಎಂದು ಮಾರುತ್ತಿದ್ದಾರೆ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಬಡವರ ಕ್ಯಾಮೆರಾ ಆಗಿ ಹುಟ್ಟಿದ್ದು ಆಮೇಲೆ ಉಡುಗೊರೆ ಅಂಗಡಿಯ ವಸ್ತುವಾಯಿತು ಎಂಬುದು ನಿಜ. 2007ರಲ್ಲಿ ಡಯಾನಾ ಹೊಸ ರೂಪದಲ್ಲಿ ಮತ್ತೆ ಬಂದಾಗ ಜನರಿಗೆ ಬೇಕಿದ್ದದ್ದೇ ಅದರ ಮಸುಕು. ಅದೇ ಹಣಕ್ಕೆ ಗಾಜಿನ ಲೆನ್ಸಿನ ಹಳೇ ಕ್ಯಾಮೆರಾ ಸಿಗಬಹುದು ಎಂಬುದೂ ಎಷ್ಟೋ ಸಲ ನಿಜ. ಮೇಲಾಗಿ ಫಿಲಂ, ತೊಳೆಸುವ ಖರ್ಚು ಎರಡಕ್ಕೂ ಒಂದೇ. ಅಗ್ಗ ಎಂಬುದು ಡಬ್ಬಿಗೆ ಮಾತ್ರ.

ಫೋನಿನ ಫಿಲ್ಟರ್ ಇರುವಾಗ ಇದೇಕೆ ಎಂಬ ಪ್ರಶ್ನೆಯೂ ಇದೆ. ಇನ್‌ಸ್ಟಾಗ್ರಾಂ ಕಟ್ಟಿದವರಲ್ಲಿ ಒಬ್ಬರಾದ ಕೆವಿನ್ ಸಿಸ್ಟ್ರೋಮ್‌ಗೆ ಫ್ಲಾರೆನ್ಸ್‌ನಲ್ಲಿ ಓದುವಾಗ ಮೇಷ್ಟ್ರು ಕೈಗೆ ಕೊಟ್ಟದ್ದು ಹೋಲ್ಗಾ. ಆ ಚೌಕ ಚಿತ್ರದ ಬೇರು ಅಲ್ಲಿದೆ. ಫಿಲ್ಟರ್‌ನ ಕಪ್ಪು ಮೂಲೆ ಎಲ್ಲ ಚಿತ್ರಕ್ಕೂ ಒಂದೇ ಅಳತೆಯದು. ನನ್ನ ರೋಲ್‌ನಲ್ಲಿ ಬಿಸಿಲಿನ ಚಿತ್ರದ ಮೂಲೆ ತೆಳುವಾಗಿದೆ, ಮಂಕು ಚಿತ್ರದ ಮೂಲೆ ಪೂರ್ತಿ ಕಪ್ಪು. ಜಾಸ್ತಿ ಬೆಳಕು ಬಿದ್ದಾಗ ಮೂಲೆಗೂ ಪಾಲು ಸಿಗುತ್ತದೆ. ಮೂಲೆ ನೋಡಿಯೇ ಆ ಹೊತ್ತಿನ ಬೆಳಕು ಎಷ್ಟಿತ್ತು ಎಂದು ಹೇಳಬಹುದು. ನನಗೆ ಅಷ್ಟು ಸಾಕು.

ಬೆಳಕು ಸೋರುವ ಕೆಂಪು ಗೆರೆಗಳನ್ನು ಹೊಗಳುವವರು ಬಹಳ. ಆದರೆ ಜಾಸ್ತಿ ಕಾಲ ಬಳಸಿದವರು ಕ್ಯಾಮೆರಾದ ಅಂಚಿಗೆಲ್ಲ ಕಪ್ಪು ಟೇಪ್ ಸುತ್ತಿರುತ್ತಾರೆ. ಹಿಂಬದಿ ಕಳಚಿ ಬೀಳದಂತೆಯೂ ಆಯಿತು. ನಾನೂ ಸುತ್ತಿದ್ದೇನೆ. ಲೆನ್ಸ್ ಕೆಳಗೆ ಎನ್, ಬಿ ಎಂಬ ಇನ್ನೊಂದು ಸ್ವಿಚ್ ಇದೆ. ಬಿಗೆ ಜಾರಿದರೆ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದೇ ಇರುತ್ತದೆ. ಅದರ ಮೇಲೂ ಒಂದು ತುಂಡು. ಮೂರನೇ ರೋಲ್ 400ರದ್ದು. ಬೆನ್ನಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ಬರೆದಿದ್ದೇನೆ: ಬಾಣ 12, ಗುಂಪು, ಬಿಸಿಲಿಗೆ ಆರು, ಮೋಡಕ್ಕೆ ಒಂದೂವರೆ, ಮನೆಯೊಳಗೆ ಬೇಡ, ಮುಚ್ಚಳ.