30ಕ್ಕೆ 1 ಅಂದರೆ ಯಾವುದಕ್ಕೆ ಯಾವುದು? ಮನೆಯ ಗೊಬ್ಬರ ಮತ್ತು ತಾರಸಿ ತೋಟದ ಟಿಪ್ಪಣಿ

ಅಡುಗೆಮನೆಯ ಕಸದಿಂದ ಗೊಬ್ಬರ ಮಾಡಲು ಡಬ್ಬ ಯಾವುದು, ತೂತು ಎಷ್ಟು, ಎಲ್ಲಿ ಇಡಬೇಕು ಎನ್ನುವುದನ್ನೆಲ್ಲ ಇಲ್ಲಿ ಬರೆದಿಲ್ಲ. ಅದು ಕಣ್ಣಾರೆ ನೋಡಿದರೆ ತಿಳಿಯುವ ವಿಷಯ. ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಹೋದರೆ ಬಗೆಬಗೆಯ ಕಾಂಪೋಸ್ಟ್ ಡಬ್ಬಗಳು ಒಂದೇ ಕಡೆ ಕಾಣಸಿಗುತ್ತವೆ. ಹಸಿ ಕಸ, ಒಣ ಕಸ ಬೇರೆ ಮಾಡುವುದಂತೂ, ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರಕ್ಕೆ ಕಸದ ಲಾರಿ ಹೋಗುವುದು ನಿಂತ 2012ರಿಂದಲೇ ಬೆಂಗಳೂರಿನವರಿಗೆ ಪಾಠವಾಗಿದೆ. ಈ ಟಿಪ್ಪಣಿಯಲ್ಲಿ ಇರುವುದು ಮುಖ್ಯವಾಗಿ ಒಂದು ಲೆಕ್ಕ. ಅದು ತಲೆಗೆ ಹೋದರೆ ಉಳಿದಿದ್ದೆಲ್ಲ ಸಲೀಸು.

ಆ ಲೆಕ್ಕ

ಗೊಬ್ಬರದ ಬಗ್ಗೆ ಯಾವ ಕರಪತ್ರ ತೆಗೆದರೂ ಒಂದು ಸಾಲು ಇರುತ್ತದೆ: ಇಂಗಾಲ ಮತ್ತು ಸಾರಜನಕ 30ಕ್ಕೆ 1ರ ಪ್ರಮಾಣದಲ್ಲಿ ಇರಬೇಕು. ಅದರ ಕೆಳಗೇ ಇನ್ನೊಂದು ಸಾಲು: ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ತರಗೆಲೆ ಹಾಕಿ. 30 ಎಲ್ಲಿ, 2 ಎಲ್ಲಿ? ಹಸಿ ಕಸ ಸಾರಜನಕ, ತರಗೆಲೆ ಇಂಗಾಲ ಅಂತ ಓದಿದ್ದೇವಲ್ಲ. ಹಾಗಾದರೆ ಒಂದು ಬಕೆಟ್ ಸಿಪ್ಪೆಗೆ 30 ಬಕೆಟ್ ಎಲೆ ಬೇಕಲ್ವಾ? ನಾನು ಸಿಕ್ಕಿಕೊಂಡಿದ್ದು ಇಲ್ಲಿಯೇ. ಅದಕ್ಕೇ ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಬರೆಯುತ್ತೇನೆ.

ಮೊದಲನೆಯದು, ಸಿಪ್ಪೆಯಲ್ಲೂ ಇಂಗಾಲ ಇದೆ, ಎಲೆಯಲ್ಲೂ ಸಾರಜನಕ ಇದೆ. 30ಕ್ಕೆ 1 ಎನ್ನುವುದು ಎಲೆಗೂ ಸಿಪ್ಪೆಗೂ ಇರುವ ಅಳತೆ ಅಲ್ಲ. ಎರಡನ್ನೂ ಸೇರಿಸಿದ ಮೇಲೆ ಅದರ ಒಳಗಿರುವ ಒಟ್ಟು ಇಂಗಾಲಕ್ಕೂ ಒಟ್ಟು ಸಾರಜನಕಕ್ಕೂ ಇರುವ ಅಳತೆ. ತರಕಾರಿ ಸಿಪ್ಪೆಯಲ್ಲಿ ಈ ಪ್ರಮಾಣ ಸುಮಾರು 15ಕ್ಕೆ 1, ಒಣ ಎಲೆಯಲ್ಲಿ ಸುಮಾರು 60ಕ್ಕೆ 1. ನಾವು ಮಾಡುವುದು ಇಷ್ಟೇ: 15 ಮತ್ತು 60ರ ನಡುವೆ 30ಕ್ಕೆ ತಂದು ನಿಲ್ಲಿಸುವುದು.

ಎರಡನೆಯದು, ನೀರು. ಸಿಪ್ಪೆಯಲ್ಲಿ ಬಹುಪಾಲು ನೀರೇ.

ಈಗ ಒಂದು ಕಿಲೋ ಸಿಪ್ಪೆ ತೆಗೆದುಕೊಳ್ಳಿ. ಅದರಲ್ಲಿ 850 ಗ್ರಾಂ ನೀರು ಅಂತ ಇಟ್ಟುಕೊಳ್ಳೋಣ. ಉಳಿಯುವ ಒಣ ಪದಾರ್ಥ 150 ಗ್ರಾಂ. ಒಣ ತೂಕದ ಶೇ 45ರಷ್ಟು ಇಂಗಾಲ ಅಂದುಕೊಂಡರೆ 67.5 ಗ್ರಾಂ ಇಂಗಾಲ. ಅದನ್ನು 15ರಿಂದ ಭಾಗಿಸಿದರೆ ಸಾರಜನಕ 4.5 ಗ್ರಾಂ.

ಒಂದು ಕಿಲೋ ತರಗೆಲೆಯಲ್ಲಿ ನೀರು ಬರೀ 100 ಗ್ರಾಂ. ಒಣ ಪದಾರ್ಥ 900 ಗ್ರಾಂ, ಇಂಗಾಲ 405 ಗ್ರಾಂ. 60ರಿಂದ ಭಾಗಿಸಿದರೆ ಸಾರಜನಕ 6.75 ಗ್ರಾಂ. ನೋಡಿ, ಕಿಲೋಗೆ ಕಿಲೋ ಹೋಲಿಸಿದರೆ ಎಲೆಯಲ್ಲೇ ಸಾರಜನಕ ಜಾಸ್ತಿ! ಸಿಪ್ಪೆ ನೀರು ತುಂಬಿಕೊಂಡಿದೆ, ಅಷ್ಟೇ.

ಈಗ ಒಂದು ಕಿಲೋ ಸಿಪ್ಪೆಗೆ ಮೂರನೇ ಒಂದು ಕಿಲೋ ಎಲೆ ಸೇರಿಸಿ. ಇಂಗಾಲ 67.5 ಕೂಡಿಸು 135, ಒಟ್ಟು 202.5. ಸಾರಜನಕ 4.5 ಕೂಡಿಸು 2.25, ಒಟ್ಟು 6.75. ಭಾಗಿಸಿದರೆ ಸರಿಯಾಗಿ 30. ಅಂದರೆ ತೂಕದಲ್ಲಿ ಎಲೆ ಸಿಪ್ಪೆಯ ಮೂರನೇ ಒಂದು ಪಾಲು ಸಾಕು. ಆದರೆ ತರಗೆಲೆ ಹಗುರ. ಕಾಲು ಕಿಲೋ ಎಲೆಯೇ ಬಕೆಟ್ ತುಂಬಿ ನಿಲ್ಲುತ್ತದೆ. ಅದೇ ಬಕೆಟ್ಟಿನಲ್ಲಿ ಸಿಪ್ಪೆ ಒಂದೂವರೆ ಕಿಲೋ ಹಿಡಿಸುತ್ತದೆ ಅಂದುಕೊಂಡರೆ, ಅದಕ್ಕೆ ಬೇಕಾದ ಎಲೆ ಅರ್ಧ ಕಿಲೋ, ಅಂದರೆ ಎರಡು ಬಕೆಟ್. ಅದಕ್ಕೇ ತೂಕದಲ್ಲಿ ಮೂರನೇ ಒಂದು ಪಾಲಾದದ್ದು ಬಕೆಟ್ ಲೆಕ್ಕದಲ್ಲಿ ಎರಡು ಪಾಲಾಗುತ್ತದೆ. 30ಕ್ಕೂ 2ಕ್ಕೂ ಜಗಳವೇ ಇಲ್ಲ. ಒಂದು ಒಳಗಿನ ಅಳತೆ, ಇನ್ನೊಂದು ಹೊರಗಿನ ಅಳತೆ.

ಇಲ್ಲಿಗೆ ನಿಲ್ಲಿಸಬೇಡಿ, ನೀರನ್ನೂ ಕೂಡಿ. 850ಕ್ಕೆ ಎಲೆಯ ನೀರು 33 ಸೇರಿದರೆ 883 ಗ್ರಾಂ. ಒಟ್ಟು ತೂಕ 1333 ಗ್ರಾಂ. ತೇವ ಶೇ 66. ಗೊಬ್ಬರಕ್ಕೆ ಬೇಕಾದ್ದು ಶೇ 50ರಿಂದ 60. ಪ್ರಮಾಣ ಸರಿಯಾಗಿ 30ಕ್ಕೆ 1 ಇದ್ದರೂ ಡಬ್ಬದ ತಳದಲ್ಲಿ ನೀರು ಇಳಿದು ವಾಸನೆ ಬರುವುದು ಈ ಕಾರಣಕ್ಕೆ. ನೀರು ತುಂಬಿದ ಕಡೆ ಗಾಳಿ ಆಡುವುದಿಲ್ಲ, ಗಾಳಿ ಇಲ್ಲದ ಕಡೆ ಕೊಳೆಸುವ ಸೂಕ್ಷ್ಮಜೀವಿಗಳೇ ಬೇರೆ. ಎಲೆಯನ್ನು ಅರ್ಧ ಕಿಲೋಗೆ ಏರಿಸಿದರೆ ತೇವ ಶೇ 60ಕ್ಕೆ ಇಳಿಯುತ್ತದೆ, ಪ್ರಮಾಣ 34ರ ಆಸುಪಾಸಿಗೆ ಹೋಗುತ್ತದೆ. 34 ಆದರೆ ಏನೂ ಮುಳುಗಿಹೋಗುವುದಿಲ್ಲ, ಸ್ವಲ್ಪ ನಿಧಾನ ಅಷ್ಟೇ.

ಹಾಗಾಗಿ ನನ್ನ ಪ್ರಕಾರ ಅಡುಗೆಮನೆಯ ಕಸಕ್ಕೆ ಇಂಗಾಲದ ಲೆಕ್ಕ ದಿನಾ ಹಾಕಬೇಕಿಲ್ಲ. ನೀರಿನ ಲೆಕ್ಕ ಸರಿಮಾಡಿದರೆ ಇಂಗಾಲದ್ದು ತಾನಾಗಿಯೇ ಸರಿಹೋಗುತ್ತದೆ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ನೀರು ಸುರಿದರೆ ಎಲೆ ಹಾಕಿ. ಹನಿಯೂ ಬರದೆ ಉದುರಿಹೋದರೆ ನೀರು ಚಿಮುಕಿಸಿ. ಕಟುವಾದ ಅಮೋನಿಯಾ ವಾಸನೆ ಬಂದರೆ ಸಾರಜನಕ ಜಾಸ್ತಿ ಆಗಿ ಗಾಳಿಗೆ ಹೋಗುತ್ತಿದೆ ಅಂತ ಅರ್ಥ. ಅದಕ್ಕೂ ಮದ್ದು ಎಲೆಯೇ.

ಯಾವುದು ಒಣ, ಯಾವುದು ಹಸಿ

ಬಣ್ಣ ನೋಡಿ ನಿರ್ಧರಿಸಬೇಡಿ. ಫಿಲ್ಟರಿನಲ್ಲಿ ಉಳಿದ ಕಾಫಿಪುಡಿ ಕಂದು ಬಣ್ಣದ್ದಾದರೂ ಸೇರುವುದು ಹಸಿಯ ಪಟ್ಟಿಗೆ. ಅದರ ಪ್ರಮಾಣ ಸುಮಾರು 20ಕ್ಕೆ 1. ಸಗಣಿಯೂ ಹಾಗೇ. ಮರದ ಹೊಟ್ಟು ಮಾತ್ರ ಹಲವು ನೂರಕ್ಕೆ 1, ಒಂದು ಹಿಡಿಗಿಂತ ಜಾಸ್ತಿ ಬೇಡ. ಪ್ಲೈವುಡ್ ಕೊಯ್ದ ಹೊಟ್ಟಾದರೆ ಬೇಡವೇ ಬೇಡ, ಅದರಲ್ಲಿ ಅಂಟು ಇರುತ್ತದೆ.

ತರಗೆಲೆಗೆ ನಮ್ಮ ಊರಲ್ಲಿ ಬರವಿಲ್ಲ. ಶಿವರಾತ್ರಿಯಿಂದ ಯುಗಾದಿ ಹತ್ತಿರ ಬರುವ ತನಕ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಪೌರಕಾರ್ಮಿಕರು ಗುಡಿಸಿ ಗುಡ್ಡೆ ಮಾಡಿದ್ದನ್ನು ಕೇಳಿ ಚೀಲಕ್ಕೆ ತುಂಬಿಕೊಂಡರೆ ಮಳೆಗಾಲಕ್ಕೂ ಆಗುತ್ತದೆ. ಮಳೆಗಾಲದಲ್ಲೇ ಅದು ಜಾಸ್ತಿ ಬೇಕಾಗುವುದು, ಆಗ ರಸ್ತೆಯಲ್ಲಿ ಒಣಗಿದ ಎಲೆ ಸಿಗುವುದಿಲ್ಲ. ಕಡಲೆಕಾಯಿ ಪರಿಷೆಯಿಂದ ಸೇರುಗಟ್ಟಲೆ ತಂದು ತಿಂದ ಮನೆಯಲ್ಲಿ ಸಿಪ್ಪೆಯೂ ಇರುತ್ತದೆ. ಪುಡಿ ಮಾಡಿ ಹಾಕಿ, ಇಡಿಯಾಗಿ ಹಾಕಿದರೆ ಬೇಗ ಕರಗುವುದಿಲ್ಲ.

ಅರೆಬೆಂದ ಗೊಬ್ಬರ

ಮೇಲಿನ ಲೆಕ್ಕ ಇಲ್ಲೂ ಬರುತ್ತದೆ. ಎಲೆ ಇನ್ನೂ ಎಲೆಯಂತೆ ಕಾಣುವಾಗಲೇ ಕುಂಡಕ್ಕೆ ಹಾಕಿದರೆ ಗಿಡ ಹಳದಿಯಾಗುತ್ತದೆ. ಗೊಬ್ಬರ ಹಾಕಿದ ಮೇಲೂ ಹೀಗೇಕೆ? ಕೊಳೆಯುವ ಕೆಲಸ ಕುಂಡದಲ್ಲಿ ಮುಂದುವರಿಯುತ್ತದೆ. ಉಳಿದ ಇಂಗಾಲ ತಿನ್ನಲು ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ಅದನ್ನು ಬೇರಿಗೆ ಸಿಗುವ ಮುಂಚೆ ಅವೇ ಎತ್ತಿಕೊಳ್ಳುತ್ತವೆ. ಗೊಬ್ಬರ ಮಾಗಿದೆಯೇ ಎಂದು ನೋಡಲು ಅದರಲ್ಲಿ ಒಂದು ಚಿಟಿಕೆ ಮೆಂತ್ಯ ಬಿತ್ತಿ. ಸಲೀಸಾಗಿ ಮೊಳೆತು ಹಸಿರಾಗಿ ನಿಂತರೆ ಬಳಸಬಹುದು.

ಜೀವಾಮೃತ, ಬಕೆಟ್ ಅಳತೆಯಲ್ಲಿ

ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳ ಕೃಷಿಯಲ್ಲಿ ಜೀವಾಮೃತಕ್ಕೆ, ಅಂದರೆ ಸಗಣಿ, ಗಂಜಲ ಹುದುಗಿಸಿ ಮಣ್ಣಿಗೆ ಹಾಕುವ ದ್ರಾವಣಕ್ಕೆ, ಹೇಳುವ ಅಳತೆ ಒಂದು ಎಕರೆಗೆ: 200 ಲೀಟರ್ ನೀರು, 10 ಕಿಲೋ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ತಾರಸಿಗೆ ಇದನ್ನು 20ರಿಂದ ಭಾಗಿಸಿ. 10 ಲೀಟರ್ ನೀರಿಗೆ ಅರ್ಧ ಕಿಲೋ ಸಗಣಿ, ಅರ್ಧ ಲೀಟರಿನೊಳಗೆ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಹುರುಳಿ ಅಥವಾ ಕಡಲೆ ಹಿಟ್ಟು, ಔಷಧಿ ಬೀಳದ ಜಾಗದ ಒಂದು ಚಿಟಿಕೆ ಮಣ್ಣು. ನೆರಳಲ್ಲಿ ಗೋಣಿಚೀಲ ಮುಚ್ಚಿ 48 ಗಂಟೆ ಇಡಿ. ಬೆಳಿಗ್ಗೆ, ಸಂಜೆ ಕೋಲಿನಿಂದ ತಿರುಗಿಸಿ. ಬಿಗಿಯಾದ ಮುಚ್ಚಳ ಹಾಕಬೇಡಿ, ಗ್ಯಾಸ್ ಕಟ್ಟುತ್ತದೆ. ವಾರದೊಳಗೆ, ಹತ್ತು ಪಾಲು ನೀರು ಬೆರೆಸಿ ಕುಂಡಕ್ಕೆ ಹಾಕಿ ಮುಗಿಸಿ.

ಬೆಲ್ಲ, ಹಿಟ್ಟು ಎರಡೂ ಗಿಡಕ್ಕಲ್ಲ, ಸೂಕ್ಷ್ಮಜೀವಿಗಳಿಗೆ ಊಟ. ಇದರಲ್ಲಿ ಸಾರಜನಕ ತೀರಾ ಕಡಿಮೆ. ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಕುಂಡಕ್ಕೆ ಜೀವಾಮೃತ ಎಷ್ಟು ಸುರಿದರೂ ಬದನೆ ಬೆಳೆಯುವುದಿಲ್ಲ. ಕರಗಿಸಲು ಒಳಗೆ ಏನಾದರೂ ಇರಬೇಕಲ್ಲ.

ಸಣ್ಣಪುಟ್ಟವು

ಅಕ್ಕಚ್ಚು ಹಾಕಬಹುದು, ಅವತ್ತಿಂದವತ್ತಿಗೆ. ಬಾಳೆಹಣ್ಣಿನ ಸಿಪ್ಪೆಯಲ್ಲಿ ಪೊಟ್ಯಾಷ್ ಇದೆ. ಅದನ್ನು ಬಾಟಲಿಯಲ್ಲಿ ನೆನೆಸಿಟ್ಟು ಸೊಳ್ಳೆ ಸಾಕುವ ಬದಲು ಕಾಂಪೋಸ್ಟಿಗೇ ಹಾಕಿ. ಮೊಟ್ಟೆಚಿಪ್ಪು ಬಹುಪಾಲು ಸುಣ್ಣವೇ, ಹಿಟ್ಟಿನಂತೆ ಪುಡಿ ಮಾಡದಿದ್ದರೆ ವರ್ಷವಾದರೂ ಹಾಗೇ ಬಿದ್ದಿರುತ್ತದೆ. ಟೊಮೆಟೊ ಕಾಯಿಯ ತಳ ಕಪ್ಪಾದರೆ ಎಲ್ಲರೂ ಚಿಪ್ಪು ಹಾಕಿ ಅನ್ನುತ್ತಾರೆ. ಸುಣ್ಣದ ಅಂಶ ಕಾಯಿಗೆ ತಲುಪದೆ ಹೀಗಾಗುವುದು ನಿಜ. ಆದರೆ ಕುಂಡದಲ್ಲಿ ಅದಕ್ಕೆ ಕಾರಣ ಹೆಚ್ಚಾಗಿ ಒಂದು ದಿನ ಒಣಗಿಸಿ, ಮರುದಿನ ಮುಳುಗಿಸುವುದು.

ಗಿಡಕ್ಕೆ ನೇರವಾಗಿ ಸಾರಜನಕ ಬೇಕೆಂದರೆ, ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಹಾಕಿ. ಕಡಲೆಕಾಯಿ ಹಿಂಡಿಯಲ್ಲಿ ಸುಮಾರು ಶೇ 7, ಬೇವಿನ ಹಿಂಡಿಯಲ್ಲಿ ಸುಮಾರು ಶೇ 5. ಬೇವಿನದು ಬೇರಿನ ಹುಳಕ್ಕೂ ಆಗುತ್ತದೆ. ದಂಟು, ಹರಿವೆ, ಪಾಲಕ್‌ಗೆ ಹಿಂಡಿ ಖುಷಿ. ಟೊಮೆಟೊ, ಮೆಣಸಿನ ಗಿಡಕ್ಕೆ ಹೂ ಬರುವ ಹೊತ್ತಿಗೆ ನಿಲ್ಲಿಸಿ, ಇಲ್ಲದಿದ್ದರೆ ಬರೀ ಸೊಪ್ಪು ಬೆಳೆಯುತ್ತದೆ. ಹುರುಳಿಕಾಯಿ, ಅಲಸಂದೆ, ಅವರೆಗೆ ಹಿಂಡಿ ಹಾಕುವುದು ದುಡ್ಡು ದಂಡ. ಅವುಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯಿಂದಲೇ ಸಾರಜನಕ ಎಳೆದುಕೊಡುತ್ತವೆ. ಕಾಯಿ ಮುಗಿದ ಮೇಲೆ ಗಿಡವನ್ನು ಕೀಳಬೇಡಿ, ಬುಡಕ್ಕೆ ಕತ್ತರಿಸಿ. ಬೇರು ಮಣ್ಣಲ್ಲೇ ಕೊಳೆಯಲಿ, ಅದೇ ಕುಂಡದಲ್ಲಿ ಮುಂದಿನ ಸಲ ಸೊಪ್ಪು ಬಿತ್ತಿ.